ಇಪ್ಪತ್ತನೆಯ ವಿದ್ಯಾರ್ಥಿ

2024ರ ಸೆಪ್ಟೆಂಬರ್ 30, ಸೋಮವಾರ, ಬೆಳಗ್ಗೆ 7 ಗಂಟೆ 25 ನಿಮಿಷ. ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹಳೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಶಿಕ್ಷಕ ಶಿವಪುತ್ರಪ್ಪನವರು ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಹಾಜರಿ ಕರೆಯುತ್ತಿದ್ದರು.

"ನಂಬರ್ ಆರು, ಅಕ್ಷಿತ್."

"ಹಾಜರ್, ಸರ್."

ಹೀಗೇ ಸಾಗಿ ಕೊನೆಯ ಹೆಸರು ಬಂತು. "ನಂಬರ್ ಇಪ್ಪತ್ತು, ಅಕ್ಷಿತ್."

"ಹಾಜರ್, ಸರ್."

ಜುಲೈ ತಿಂಗಳಿಂದಲೂ ಅವರು ತಲೆಯೆತ್ತದೆ ಹಾಜರಿ ಹಾಕುತ್ತಿದ್ದರು. ಅಂದು ಪೆನ್ನಿನ ಶಾಯಿ ನಿಂತದ್ದರಿಂದ ಅದನ್ನು ಕೊಡವಲು ತಲೆಯೆತ್ತಿದರು. ಆರು ಮತ್ತು ಇಪ್ಪತ್ತು, ಎರಡೂ ಒಂದೇ ಬಾಯಿಂದ ಬಂದಿದ್ದವು.

"ಏನಲೇ, ನೀ ಇಬ್ಬರು ಅದೀಯೇನು?"

"ನಹೀ ಸರ್," ಎಂದ ಅಕ್ಷಿತ್. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಉತ್ತರವನ್ನು ಮಾತ್ರ ಹಿಂದಿಯಲ್ಲಿ ಕೊಡುವ ಇಲ್ಲಿನ ಮಕ್ಕಳಲ್ಲಿ ಅವನೂ ಒಬ್ಬ. "ಆಪ್ ದೋ ಬಾರ್ ಬುಲಾತೇ ಹೈ, ತೋ ಮೈ ದೋ ಬಾರ್ ಬೋಲ್ತಾ ಹೂಂ."

ಎರಡು ಸಲ ಕರೆದದ್ದಕ್ಕೆ ಅವನು ಎರಡು ಸಲ ಉತ್ತರ ಕೊಟ್ಟಿದ್ದ. ನಡೆದದ್ದು ಇಷ್ಟೇ. ಜೂನ್‌ನಲ್ಲಿ ಹೆಸರು ಬರೆಸಿದ ಮೇಲೆ ಹುಡುಗ ಲಗ್ನಕ್ಕೆಂದು ವಿಜಯಪುರಕ್ಕೆ ಹೋಗಿ ಒಂದು ತಿಂಗಳು ಅಲ್ಲೇ ಉಳಿದಿದ್ದ. ತಿರುಗಿ ಬಂದಾಗ ಶಿವಪುತ್ರಪ್ಪನವರು ಹೊಸ ಹುಡುಗನೆಂದು ತಿಳಿದು ಕೊನೆಗೆ ಇನ್ನೊಮ್ಮೆ ಬರೆದಿದ್ದರು. ಬೀಕರಿನ ನೀರನ್ನು ಕಣ್ಣಿನ ಮಟ್ಟಕ್ಕೆ ಬಾಗಿಯೇ ಅಳೆಯಬೇಕೆಂದು ಮೂವತ್ತು ವರ್ಷ ಬೋಧಿಸಿದ ಮನುಷ್ಯ ಒಬ್ಬ ಹುಡುಗನನ್ನು ಇಬ್ಬರೆಂದು ಎಣಿಸಿದ್ದರು.

ಬೇರೆ ದಿನವಾಗಿದ್ದರೆ ಒಂದು ಗೆರೆ ಎಳೆದು ಮುಗಿಸಬಹುದಿತ್ತು. ಆದರೆ ಅಂದು ಸಂಜೆ ಐದಕ್ಕೆ ಮಕ್ಕಳ ಸಂಖ್ಯೆ ಇಲಾಖೆಗೆ ಹೋಗಬೇಕಿತ್ತು. ಮೂರು ತರಗತಿ ಸೇರಿ ಇಪ್ಪತ್ತಿದ್ದರೆ ಅವರ ಹುದ್ದೆ ಉಳಿಯುತ್ತಿತ್ತು. ಹತ್ತೊಂಬತ್ತಾದರೆ ಅವರು ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಸೇರಿ ದೂರದ ಮುರಬಾಡದ ಆಚೆಗಿನ ಯಾವುದಾದರೂ ಮರಾಠಿ ಶಾಲೆಗೆ ಹೋಗಬೇಕಿತ್ತು. ನಿವೃತ್ತಿಗೆ ಇದ್ದದ್ದು ಎಂಟೇ ತಿಂಗಳು.

ಮುರಬಾಡದ ಬಸ್ಸಿಗೆ ಅವರು ಹೆದರುತ್ತಿರಲಿಲ್ಲ. ಅವರು ಓದಿದ್ದೂ ಇದೇ ಶಾಲೆಯಲ್ಲಿ, ಇದೇ ಕೋಣೆಯಲ್ಲಿ. ಆಗ ಒಂದು ತರಗತಿಗೆ ನಾಲ್ಕು ವಿಭಾಗ, ಒಂದು ವಿಭಾಗಕ್ಕೆ ಅರವತ್ತೆರಡು ಮಕ್ಕಳು, ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಮೂವರು ಕೂರುವ ಬೆಂಚಿನಲ್ಲಿ ಐವರು ಕೂತು, ಒಬ್ಬ ಬರೆಯುವಾಗ ಇನ್ನೊಬ್ಬ ಮೊಣಕೈ ಒಳಗೆ ಎಳೆದುಕೊಳ್ಳಬೇಕಿತ್ತು. ಠಾಕುರ್ಲಿಯ ಪವರ್ ಹೌಸ್‌ನಲ್ಲಿ ಭೋಂಗಾ, ಅಂದರೆ ಸೈರನ್, ಕೂಗಿದರೆ ಪಾಠದ ನಡುವೆಯೇ ಅರ್ಧ ತರಗತಿ ಎದ್ದು ನಿಲ್ಲುತ್ತಿತ್ತು. ಅವರೆಲ್ಲರ ಅಪ್ಪಂದಿರ ಪಾಳಿ ಮುಗಿಯುವ ಹೊತ್ತು ಅದು. ಈಗ ಅದೇ ಕೋಣೆಯಲ್ಲಿ ಫ್ಯಾನಿನ ಸದ್ದು ಮಕ್ಕಳ ಸದ್ದಿಗಿಂತ ಜೋರು. ಆದರೂ ಕೊನೆಯ ದಿನ ಆ ಕೋಣೆಯ ಬಾಗಿಲನ್ನು ತಾವೇ ಎಳೆದುಕೊಂಡು ಹೋಗಬೇಕೆಂಬುದು ಅವರ ಒಂದೇ ಆಸೆ.

ಮುಖ್ಯಾಧ್ಯಾಪಕಿ ಪದ್ಮಾವತಿಬಾಯಿ ಉಡುಪಿ ಕಡೆಯವರು. ಸುದ್ದಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಂತ ಸರ್ ಇದು? ಗಣಿತದವರು ತಪ್ಪಿದ್ರೆ ಒಂದು ಲೆಕ್ಕ. ವಿಜ್ಞಾನದವರು ನೀವು, ಎದುರಿಗೆ ಕೂತವನನ್ನೇ ಎರಡು ಸಲ ಕಂಡ್ರಾ?"

"ತಪ್ಪಾತ್ರಿ ಬಾಯಾರ."

"ಹಾಗಾದ್ರೆ ಇಪ್ಪತ್ತು ಅಂತಲೇ ಕಳಿಸುವುದಾ?"

"ಸುಳ್ಳು ಸಂಖ್ಯಾ ಬ್ಯಾಡ್ರಿ. ಐದರೊಳಗ ಒಂದು ಖರೇ ಹುಡುಗನ್ನ ತರ್ತೀನಿ."

"ಈಗಿಂದೀಗ ತರ್ಲಿಕ್ಕೆ ಅದೆಂತ ಬಸಳೆ ಸೊಪ್ಪಾ ಮಾರಾಯ್ರೆ!"

ಈ ಮಾತು ಗೇಟಿನವರೆಗೂ ಕೇಳಿಸಿತು. ಗೇಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುವ ರುದ್ರವ್ವನಿಗೆ ಶಾಲೆಯ ಸುದ್ದಿ ಮುಖ್ಯಾಧ್ಯಾಪಕಿಗಿಂತ ಐದು ನಿಮಿಷ ಮೊದಲೇ ತಿಳಿಯುತ್ತಿತ್ತು. ಶಾಲೆ ಬಿಟ್ಟು ಶಿವಪುತ್ರಪ್ಪನವರು ಹೊರಬರುತ್ತಲೇ ಅವಳು ಬುಟ್ಟಿ ಮುಚ್ಚಿ ಎದ್ದಳು.

"ಮಾಸ್ತರ, ಒಂದು ಹುಡುಗಿ ಐತ್ರಿ. ಠಾಕುರ್ಲಿ ಸ್ಟೇಷನ್ ಹಿಂದ ಹೊಸಾ ಬಿಲ್ಡಿಂಗ್ ಏಳಾಕ್ಹತ್ತೈತಲ್ಲ, ಅಲ್ಲಿ. ರಾಯಚೂರು ಕಡೆಯವರು. ಊರಾಗ ಮೂರನೇತ್ತಾ ಮಟ ಕಲ್ತಾಳ. ಈಗ ತಮ್ಮನ್ನ ಎತ್ಕೊಂಡು ತಿರಗತಾಳ."

"ಹುಡುಗಿ ಆದರೂ ನಡೀತೈತಿ. ನಾ ಒಬ್ಬನ ಹೋಗ್ತೀನಿ, ನೀ ರೊಟ್ಟಿ ಮಾರು."

"ನಿಮ್ಮನ್ನ ಒಬ್ಬರನ್ನ ಕಳಿಸಿದರ ಅಲ್ಲಿಂದ ಒಂದನ್ನ ಎರಡು ಮಾಡಿ ತರ್ತೀರಿ," ಎಂದು ಅವಳು ರಿಕ್ಷಾ ಹತ್ತಿ ಮೊದಲೇ ಕೂತಳು.

ಕಟ್ಟಡದ ಹತ್ತಿರ ಇಳಿದಾಗ 1 ಗಂಟೆ 20. ಶಿವಪುತ್ರಪ್ಪನವರು ಎಂದಿನಂತೆ ಕಿಸೆಯಿಂದ ಪುಟ್ಟ ನೋಟ್‌ಬುಕ್ ತೆಗೆದು ವೇಳೆ ಬರೆದುಕೊಂಡರು. ಬಿಳಿ ಅಂಗಿ, ಕನ್ನಡಕ, ಕೈಯಲ್ಲಿ ನೋಟ್‌ಬುಕ್. ಮೇಲಿನ ಮಹಡಿಯಿಂದ ಕೂಲಿಗಳ ಮೇಸ್ತ್ರಿ, ಅಂದರೆ ಮುಕಾದಮ, ಇದನ್ನು ಕಂಡ. ಕಾರ್ಮಿಕ ಇಲಾಖೆಯ ಸಾಹೇಬರೇ ಬಂದರೆಂದು ಅವನು ಎರಡೆರಡು ಮೆಟ್ಟಿಲು ಜಿಗಿದು ಇಳಿದ. ಅಷ್ಟರಲ್ಲಿ ಕೆಲಸ ನಿಂತಿತು, ಎಲ್ಲರ ತಲೆಗೂ ಹಳದಿ ಹೆಲ್ಮೆಟ್ ಬಂತು. ಒಬ್ಬ ಮುದುಕನ ತಲೆಗೆ ಹೆಲ್ಮೆಟ್ ಸಾಲದೆ ಬುಟ್ಟಿ ಬಂತು.

"ಸಾಬ್, ಇಧರ್ ಏಕ್ ಭೀ ಬಚ್ಚಾ ನಹೀ ಹೈ!"

"ಬಚ್ಚಾನ ಬೇಕಾಗೇತಿ ನಮಗ!" ಎಂದಳು ರುದ್ರವ್ವ.

ಮಕ್ಕಳೇ ಬೇಕೆಂದದ್ದು ಕೇಳಿ ಅವನು ಇನ್ನಷ್ಟು ಹೆದರಿದ. ಸಾಹೇಬರಿಗೆ ಕುರ್ಚಿ ಬಂತು, ಚಹಾ ಬಂತು, ಚಹಾದ ಹಿಂದೆ ಬಿಸ್ಕಿಟ್ ಬಂತು. ತಾವು ಮಾಸ್ತರರೆಂದು ಶಿವಪುತ್ರಪ್ಪನವರು ಮೂರು ಭಾಷೆಗಳಲ್ಲಿ ಹೇಳಿದರು. ನಂಬಿಸಲು ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಮುಕಾದಮ ಸಿಮೆಂಟಿನ ಕೋಣೆಯ ಬೀಗ ತೆಗೆದ. ಒಳಗೆ ಬಚ್ಚಿಟ್ಟಿದ್ದ ನಾಲ್ಕು ಮಕ್ಕಳು ಹೊರಬಂದವು, ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ. ಅವರಲ್ಲಿ ಎತ್ತರದವಳೇ ರುದ್ರವ್ವ ಹೇಳಿದ ಹುಡುಗಿ, ಜ್ಯೋತಿ. ಸೊಂಟದ ಮೇಲೆ ಎರಡೂವರೆ ವರ್ಷದ ತಮ್ಮ ಸುನಿಲ.

ಅವಳ ತಾಯಿ ಮರಗಮ್ಮ ಉಸುಕಿನ ಬುಟ್ಟಿ ಕೆಳಗಿಟ್ಟು ಬಂದಳು. ಶಿವಪುತ್ರಪ್ಪನವರು ವಿಷಯ ವಿವರಿಸಿದರು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆಯೆಂಬುದು ಹಕ್ಕು. ಎಷ್ಟು ವರ್ಷ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಪುಸ್ತಕ, ಬಟ್ಟೆ, ಮಧ್ಯಾಹ್ನದ ಊಟ ಎಲ್ಲವೂ ಶಾಲೆಯದೇ.

"ಹುಡುಗಿಗೆ ಎಷ್ಟು ವರ್ಷವ್ವಾ?"

"ಇಕಿ ಹುಟ್ಟಿದ ವರ್ಷ ನಮ್ಮ ಎಮ್ಮಿ ಕಳದಿತ್ರಿ."

"ಎಮ್ಮಿ ಯಾವ ವರ್ಷ ಕಳೀತು?"

"ಇಕಿ ಹುಟ್ಟಿದ ವರ್ಷರೀ."

ಇದು ಮುಗಿಯುವ ಲೆಕ್ಕವಲ್ಲ. ಹನ್ನೊಂದರ ಕೆಳಗಾದರೆ ಐದನೇ ತರಗತಿ. ಅವರ ಸಂಖ್ಯೆಗೆ ಸೇರುವುದಿಲ್ಲ. ಹದಿನಾಲ್ಕು ದಾಟಿದ್ದರೆ ಈ ಹಕ್ಕೇ ಇಲ್ಲ. ಶಿವಪುತ್ರಪ್ಪನವರು ವಿಜ್ಞಾನದ ಮೊರೆಹೋದರು. ಎರಡನೆಯ ದವಡೆಹಲ್ಲು ನಾಲ್ಕೂ ಮೂಡಿ ಒಟ್ಟು ಇಪ್ಪತ್ತೆಂಟು ಹಲ್ಲಿದ್ದರೆ ವಯಸ್ಸು ಹನ್ನೆರಡರ ಆಸುಪಾಸು. ಮೊಬೈಲಿನ ಬೆಳಕು ಹಾಕಿ, "ಆ ಅನ್ನವ್ವಾ," ಎಂದರು.

ಸುತ್ತ ಜನ ಸೇರಿತು. "ಏನ್ರಿ, ಮಾಸ್ತರ ಎತ್ತು ಕೊಳ್ಳಾಕ ಬಂದಾರೇನು?" ಎಂದ ಇಟ್ಟಿಗೆ ಕಟ್ಟುವ ಒಬ್ಬ ಗೌಂಡಿ.

"ಇಪ್ಪತ್ತೆಂಟು," ಎಂದರು ಶಿವಪುತ್ರಪ್ಪ.

"ನಿಮ್ಮ ಎಣಿಕಿ ನಂಬೂದು ಹ್ಯಾಂಗ್ರಿ?" ಎಂದು ರುದ್ರವ್ವ ತಾನೂ ಬಗ್ಗಿ ನೋಡಿದಳು. "ಇಪ್ಪತ್ತಾರು."

ಮುಕಾದಮ ಎಣಿಸಿದ, ಗೌಂಡಿ ಎಣಿಸಿದ. ಜ್ಯೋತಿಗೆ ದವಡೆ ನೋಯತೊಡಗಿತು. ಅವಳು ಬಾಯಿ ಮುಚ್ಚಿ, ನಾಲಿಗೆಯಿಂದಲೇ ಒಳಗೊಳಗೆ ಎಣಿಸಿಕೊಂಡು, "ಅಠ್ಠಾಈಸ್ ಹೈ. ಸರ್ ಸಹೀ ಬೋಲೇ," ಎಂದಳು. ಗಣಿತ ಬಲ್ಲ ಹುಡುಗಿ. ಇಪ್ಪತ್ತೆಂಟೇ ಎಂದದ್ದು ಕೇಳಿ ಶಿವಪುತ್ರಪ್ಪನವರ ಮುಖ ಅರಳಿತು. ಏಳನೇ ತರಗತಿ!

"ಆಕಿ ಬಂದರ ಇವನ್ನ ಯಾರು ನೋಡ್ತಾರ?" ಎಂದು ಮರಗಮ್ಮ ಸುನಿಲನನ್ನು ತೋರಿಸಿದಳು.

"ಶಾಲಿಗ ಹತ್ತಿದ ಬಾಲವಾಡಿ ಐತಿ. ನಾನ ಎತ್ಕೊಂಡು ಹೋಗ್ತೀನಿ."

ಶಿವಪುತ್ರಪ್ಪನವರು ಎತ್ತಿಕೊಂಡರು. ಅವನು ಕನ್ನಡಕ ಕಿತ್ತ, ಪೆನ್ನು ಚೀಪಿದ, ಹಾದಿಯಲ್ಲಿ ಒಂದು ಚಪ್ಪಲಿ ಬೀಳಿಸಿದ. ಅದನ್ನು ಹುಡುಕಲು ಎಲ್ಲರೂ ಅರ್ಧ ದಾರಿ ಹಿಂದೆ ನಡೆದರು. ಶಾಲೆಯ ಕಚೇರಿ ತಲುಪಿದಾಗ 4 ಗಂಟೆ 17. ಕಚೇರಿಯ ಬೆಂಚಿನ ಮೇಲೆ ಯಾರೋ ಪಾಲಕರೊಬ್ಬರು ಬ್ಯಾಗು ಅಪ್ಪಿಕೊಂಡು ಕೂತಿದ್ದರು. ಅವರನ್ನು ಗಮನಿಸುವಷ್ಟು ವ್ಯವಧಾನ ಶಿವಪುತ್ರಪ್ಪನವರಿಗಿರಲಿಲ್ಲ.

"ಬಾಯಾರ, ಇಪ್ಪತ್ತನೇದ್ದು ಬಂತು!"

ಪದ್ಮಾವತಿಬಾಯಿ ಹುಡುಗಿಯನ್ನು ನೋಡಿದರು, ಅವಳ ಕೂದಲಿನ ಸಿಮೆಂಟನ್ನು ಸೆರಗಿನಿಂದ ಒರೆಸಿದರು. ಆಮೇಲೆ ಕೇಳಿದರು: "ಹಳೆ ಶಾಲೆಯ ಎಲ್‌ಸಿ ಎಲ್ಲಿ?"

ಎಲ್‌ಸಿ ಎಂದರೆ ಶಾಲೆ ಬಿಟ್ಟ ದಾಖಲೆ. ಮರಗಮ್ಮ ರುದ್ರವ್ವನ ಮುಖ ನೋಡಿದಳು, ರುದ್ರವ್ವ ಮಾಸ್ತರರ ಮುಖ ನೋಡಿದಳು.

"ಅದಿಲ್ಲದೆ ಹೇಗೆ ಬರೆದುಕೊಳ್ಳುವುದು ಸರ್? ನಾಳೆ ಆಫೀಸಿನವರು ಕೇಳಿದ್ರೆ ನಾನು ಎಂತ ಹೇಳ್ಲಿ?"

ಶಿವಪುತ್ರಪ್ಪನವರ ದನಿ ಇಳಿಯಿತು. "ಬಾಯಾರ, ನಾ ಇಲ್ಲಿ ಬಂದಾಗ ನನಗ ಹತ್ತು ವರ್ಷ. ಎಲ್‌ಸಿ ನಮ್ಮೂರು ಇಂಡಿಯೊಳಗ ಉಳದಿತ್ತು. ಅಪ್ಪಗ ರಜಾ ಸಿಗಲಿಲ್ಲ. ಐದು ತಿಂಗಳು ನಾ ಆ ಕಿಡಕಿ ಹೊರಗ ನಿಂತು ಪಾಠಾ ಕೇಳೀನ್ರಿ. ಒಳಗ ನೀರು ಕಾಸಿ ಉಗಿ ಮಾಡಿ ತೋರಿಸಿದರು. ಎಲ್ಲಾರೂ ನೋಡಿದರು, ನನಗ ಬರೇ ಅವರ ಬೆನ್ನು ಕಂಡುವು. ಆ ಉಗಿ ನೋಡಬೇಕಂತನ ನಾ ವಿಜ್ಞಾನ ಕಲ್ತದ್ದು."

ಸುನಿಲ ಇನ್ನೂ ಅವರ ಪೆನ್ನು ಚೀಪುತ್ತಿದ್ದ.

"ಕತೆ ಸರಿ ಸರ್. ಕಾಗದ ಎಲ್ಲುಂಟು?"

ಕಾಗದ ಇತ್ತು. ಶಿವಪುತ್ರಪ್ಪನವರು ಕಪಾಟಿನಿಂದ ಶಿಕ್ಷಣ ಹಕ್ಕು ಕಾಯ್ದೆಯ ಪುಸ್ತಿಕೆ ತೆಗೆದು ಐದನೇ ಕಲಮನ್ನು ಜೋರಾಗಿ, ಮರಾಠಿಯಿಂದ ಕನ್ನಡಕ್ಕೆ ಮಾಡುತ್ತ ಓದಿದರು: ಎಲ್‌ಸಿ ತರುವುದು ತಡವಾಯಿತೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಪದ್ಮಾವತಿಬಾಯಿ ಕಣ್ಣಿನಲ್ಲೇ ಸಾಕು, ಸಾಕು ಎಂದರು. ಆದರೆ ಅರ್ಧ ಓದಿ ಬಿಡುವ ಅಭ್ಯಾಸ ಶಿವಪುತ್ರಪ್ಪನವರಿಗೆ ಹುಟ್ಟಿನಿಂದಲೇ ಇರಲಿಲ್ಲ. ಅವರು ಕೊನೆಯ ಸಾಲನ್ನೂ ಓದಿದರು: ಬೇರೆ ಶಾಲೆಗೆ ಹೋಗುವ ಮಗುವಿಗೆ ಎಲ್‌ಸಿಯನ್ನು ತಕ್ಷಣ ಕೊಡಬೇಕು, ತಡಮಾಡುವ ಮುಖ್ಯಾಧ್ಯಾಪಕರ ಮೇಲೆ ಶಿಸ್ತಿನ ಕ್ರಮ ಜರುಗುತ್ತದೆ.

"ಸರ್," ಬೆಂಚಿನ ಮೇಲಿದ್ದವರು ಎದ್ದು ನಿಂತರು. ಕೈಯಲ್ಲಿ ಮೊಬೈಲು. "ಆ ಲಾಸ್ಟ್ ಸಾಲು ಇನ್ನೊಂದ್ಸಲ ಓದ್ತೀರಾ ಪ್ಲೀಸ್? ರೆಕಾರ್ಡ್ ಮಾಡ್ಕೋತೀನಿ."

ಅವರು ಎಂಟನೇ ತರಗತಿಯ ರಮಿತಾಳ ತಂದೆ ರವಿಕಿರಣ್. ನವಿ ಮುಂಬಯಿಯ ಕೋಪರಖೈರಣೆಗೆ ಮನೆ ಬದಲಿಸಿ ಎರಡು ತಿಂಗಳಾಗಿತ್ತು. ಮಗಳು ದಿನಾ ಎರಡು ಗಾಡಿ ಬದಲಿಸಿ ಇಲ್ಲಿಗೆ ಬರುತ್ತಿದ್ದಳು. ಮನೆಯ ಹತ್ತಿರದ ಪಾಲಿಕೆ ಶಾಲೆಯಲ್ಲಿ ಜಾಗವೂ ಸಿಕ್ಕಿತ್ತು. "ಮೇಡಮ್‌ನ ಕೇಳಿದಾಗೆಲ್ಲ ದೀಪಾವಳಿ ಆದ್ಮೇಲೆ ಬನ್ನಿ ಅಂತಿದ್ರು. ಅದೇ ರೂಲ್ ಇರಬೇಕು ಅಂದ್ಕೊಂಡಿದ್ದೆ. ಥ್ಯಾಂಕ್ಸ್ ಸರ್, ನಿಮ್ಮಿಂದ ಗೊತ್ತಾಯ್ತು."

ಶಿವಪುತ್ರಪ್ಪನವರು ಪದ್ಮಾವತಿಬಾಯಿಯವರ ಕಡೆ ತಿರುಗಿದರು. "ಹಿಂಗ್ಯಾಕ ಮಾಡಿದ್ರಿ ಬಾಯಾರ? ಹುಡುಗಿ ಹಕ್ಕದು."

"ಯಾಕೆ ಅಂತ ಕೇಳ್ತೀರಾ?" ಪದ್ಮಾವತಿಬಾಯಿ ಹಣೆ ಒತ್ತಿಕೊಂಡರು. "ನಿಮಗೋಸ್ಕರ ಮಾರಾಯ್ರೆ! ನಿಮ್ಮ ಎಂಟು ತಿಂಗಳು ಇಲ್ಲೇ ಕಳೆಯಲಿ ಅಂತ ಎರಡು ತಿಂಗಳು ಕಾನೂನು ಮುರಿದು ಕೂತಿದ್ದೆ. ನಾಳೆ ಬೆಳಿಗ್ಗೆ ನಾನೇ ಕೊಡುವವಳಿದ್ದೆ. ಒಂದೇ ದಿನ! ಅರ್ಧ ಕಲಮು ಓದಿದ್ರೆ ಸಾಕಿತ್ತು ನಿಮಗೆ."

ಶಿವಪುತ್ರಪ್ಪನವರು ಕುರ್ಚಿ ಎಳೆದು ಕೂತು ಮೊದಲು ಜ್ಯೋತಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದರು. ಆಮೇಲೆ ರಮಿತಾಳ ಎಲ್‌ಸಿ ಬರೆದರು. ಅಕ್ಷರಗಳು ಎಂದಿನಂತೆ ಮುತ್ತಿನ ಹಾಗೆ ಬಂದವು. ಒಂದು ತಪ್ಪಾದರೂ ಆಗಿದ್ದರೆ ಮತ್ತೆ ಬರೆಯುವ ನೆಪದಲ್ಲಿ ಐದು ಗಂಟೆ ದಾಟಿಸಬಹುದಿತ್ತು. ಆಗಲಿಲ್ಲ. 4 ಗಂಟೆ 52ಕ್ಕೆ ಶಾಲೆಯ ಮೊಹರು ಬಿತ್ತು. ಒಬ್ಬಳು ಬಂದು ಒಬ್ಬಳು ಹೋಗಿ, 4 ಗಂಟೆ 58ಕ್ಕೆ ಹತ್ತೊಂಬತ್ತು ಎಂಬ ಸಂಖ್ಯೆ ಇಲಾಖೆಗೆ ಹೋಯಿತು.

ರವಿಕಿರಣ್, ಶಿವಪುತ್ರಪ್ಪನವರ ಕೈ ಕುಲುಕಿ ಹೊರಟರು. ರುದ್ರವ್ವ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಮಾಸ್ತರರ ಮುಂದಿಟ್ಟು, "ಮುರಬಾಡದಾಗ ಇವು ಸಿಗೂದಿಲ್ಲರಿ. ಈಗ ತಿನ್ರಿ," ಎಂದಳು.

ಅವರು ರೊಟ್ಟಿ ಮುರಿಯುತ್ತಿದ್ದಾಗ ಜ್ಯೋತಿ ಬಂದು ಮೇಜಿನ ಅಂಚು ಹಿಡಿದು ನಿಂತಳು.

"ಸರ್, ಆಪ್ನೇ ಬೋಲಾ ಥಾ ಯೂನಿಫಾರ್ಮ್ ಮಿಲೇಗಾ."

"ಮರಾಠಿ, ಹಿಂದಿ ಹೊರಗ. ಇಲ್ಲಿ ಕನ್ನಡದಾಗ ಕೇಳು."

ಹುಡುಗಿ ಯೋಚಿಸಿದಳು. ತಾಯಿಯ ಮುಖ ನೋಡಿದಳು. "ನನ್ನ ಅಂಗಿ ಯಾವಾಗ ಕೊಡ್ತೀರಿ?"

ಶಿವಪುತ್ರಪ್ಪನವರು ಕೈ ಒರೆಸಿಕೊಂಡು ಎದ್ದರು. ಕಪಾಟಿನಿಂದ ಅಳತೆಯ ಪಟ್ಟಿ ತೆಗೆದರು. ಅವಳ ಚಪ್ಪಲಿ ಬಿಡಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಮಟ್ಟವಾಗಿಟ್ಟು, ಕಣ್ಣಿನ ಮಟ್ಟಕ್ಕೆ ಬಾಗಿ ನೋಡಿ, ಸಮವಸ್ತ್ರದ ಯಾದಿಗೆ ಅವಳ ಹೆಸರು ಸೇರಿಸಿ ಮುಂದೆ ಬರೆದರು.

ಎತ್ತರ: 138 ಸೆಂಟಿಮೀಟರ್.