ಖರ್ಚಿಲ್ಲದ ಸಿಂಗಾರ

ಟೈಲರ್: ಬಿಚ್ಚು ಅಂದ್ರೆ ಬಿಚ್ಚು! ಆ ಪರದೆ ಈಗಿಂದೀಗ ಕೆಳಗಿಳೀಬೇಕು.

ಹೆಂಡತಿ: ಯಾಕ್ರೀ ಇಳೀಬೇಕು? ವಾರದಿಂದ ನೀವು ಅಂಗಡೀಲಿದ್ದಾಗ ಕಣ್ಣು ನೋಯಿಸ್ಕೊಂಡು ಹೊಲಿದಿದ್ದೀನಿ. ‘ಒಂದು ಕಾಸೂ ಖರ್ಚಾಗಬಾರದು, ಮನೆ ಮಾತ್ರ ಲಕಲಕ ಅನ್ನಬೇಕು’ ಅಂದವರು ಯಾರು?

ಅಂದವನು ಟೈಲರೇ. ಇಡೀ ಶಾಲೆಯ ಯೂನಿಫಾರಂ ಹೊಲಿಗೆಯನ್ನು ಯಾರಿಗೆ ಕೊಡುವುದೆಂದು ಹೆಡ್ ಮೇಡಂ ಯೋಚಿಸುತ್ತಿದ್ದರು. ಅಂಗಡಿಯಲ್ಲಿ ಮೆಷಿನ್ನು ಕೂತ ಮೇಲೆ ಇನ್ನೊಬ್ಬರು ನಿಲ್ಲಲೂ ಜಾಗವಿಲ್ಲ. ಹಾಗಾಗಿ ಮಾತಾಡಲು ಇವತ್ತು ಸಂಜೆ ಮನೆಗೇ ಬರುವವರಿದ್ದರು. ಆ ಕೆಲಸ ಸಿಕ್ಕರೆ ವರ್ಷವಿಡೀ ನಿಶ್ಚಿಂತೆ. ತಪ್ಪಿದರೆ ಮತ್ತೆ ಅದೇ ಹರಿದ ಪ್ಯಾಂಟು, ಅದೇ ಕಿತ್ತ ಜಿಪ್ಪು. ಮನೆ ಚೆಂದ ಮಾಡು ಎಂದನೇನೋ ಸರಿ, ಹೆಂಡತಿ ಮಂಚದ ಕೆಳಗಿನ ಬಟ್ಟೆ ತುಂಡುಗಳ ಗಂಟಿಗೇ ಕೈ ಹಾಕುತ್ತಾಳೆಂದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಅಂಗಡಿ ಮುಚ್ಚಿ ಬಂದು ನೋಡಿದರೆ ಗಂಟೆಲ್ಲ ಗೋಡೆ ಹತ್ತಿ ಕೂತಿತ್ತು.

ಟೈಲರ್: ಬಣ್ಣ ಸರಿ ಇಲ್ಲ ಕಣೇ.

ಹೆಂಡತಿ: ಯಾವ ಬಣ್ಣ?

ಟೈಲರ್: ಎಲ್ಲಾ ಬಣ್ಣ.

ಹೆಂಡತಿ: ಚೆನ್ನಾಗಿದೆ ಮಾತು! ಗೋಡೆ ತುಂಬ ತೇವದ ಕಲೆ, ಅದಕ್ಕೆ ಪರದೆ. ಸೋಫಾ ಸ್ಪ್ರಿಂಗು ಎದ್ದು ಚುಚ್ತಿತ್ತು, ಅದಕ್ಕೆ ದಿಂಬು. ಬಾಗಿಲಿಗೆ ಕಾಲೊರೆಸು ಇರಲಿಲ್ಲ, ಇಗೋ ನೋಡಿ, ಇಲ್ಲಿ...

ಟೈಲರ್: ಏಯ್, ಕಾಲು ತೆಗಿ! ಬ್ಯಾಂಕ್ ಮ್ಯಾನೇಜರ್ ಮೇಲೆ ನಿಂತಿದ್ದೀಯ!

ಹೆಂಡತಿ ಬೆಚ್ಚಿ ಹಿಂದೆ ಸರಿದು ಸೋಫಾ ಮೇಲೆ ಕುಸಿದಳು.

ಟೈಲರ್: ಅಲ್ಲೂ ಬೇಡ! ಅದು ಹಲ್ಲಿನ ಡಾಕ್ಟ್ರು!

ಹೆಂಡತಿ: ಜ್ವರ ಗಿರ ಬಂದಿದೆಯೇನ್ರೀ? ಹಣೆ ಮುಟ್ಟಲಾ?

ಟೈಲರ್: ಪ್ಯಾಂಟು ಕಣೇ ಮಾರಾಯ್ತಿ! ಅವರ ಪ್ಯಾಂಟಲ್ಲಿ ಮಿಕ್ಕಿದ್ದು.

ಹೆಂಡತಿ: ಮಿಕ್ಕಿದ್ದಾ? ಬಟ್ಟೆ ಗಿರಣಿಯಿಂದ ತೂಕದ ಲೆಕ್ಕದಲ್ಲಿ ತಂದಿದ್ದು ಅಂದಿದ್ರಿ?

ಟೈಲರ್: ಗಿರಣಿಯಿಂದ್ಲೇ ಬಂದಿದ್ದು. ಮಧ್ಯೆ ಸ್ವಲ್ಪ ದಿನ ಮ್ಯಾನೇಜರ್ ಹತ್ರ ಇತ್ತು, ಅಷ್ಟೆ.

ಹೆಂಡತಿ: ಅಂದ್ರೆ ಕದ್ದಿದ್ದು.

ಟೈಲರ್: ಥೂ, ಎಂಥ ಮಾತು! ಉಳಿಸಿದ್ದು. ಕಟಿಂಗಲ್ಲಿ ಕೈಚಳಕ ಅಂತ ಒಂದಿರುತ್ತೆ.

ಹೆಂಡತಿ: ಉಳಿದಿದೆ ಅಂತ ಅವರಿಗೆ ಹೇಳಿದ್ರಾ?

ಟೈಲರ್: ಹೇಳಿದ್ರೆ ಹೇಗೇ ಉಳಿಯುತ್ತೆ?

ಹೆಂಡತಿಯ ಕಣ್ಣು ಪರದೆಯ ಮೂಲೆಯಲ್ಲಿದ್ದ ನೀಲಿ ಹೂವಿನ ತುಂಡಿನ ಮೇಲೆ ನಿಂತಿತ್ತು. ಟೈಲರ್ ಮೆಲ್ಲಗೆ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

ಹೆಂಡತಿ: ಹೊಲೀವಾಗ್ಲೇ ಅನ್ಕೊಂಡೆ, ಇದನ್ನ ಎಲ್ಲೋ ನೋಡಿದ್ದೀನಿ ಅಂತ. ಇದು ನಮ್ಮಕ್ಕನ ರವಿಕೆ ಬಟ್ಟೆ!

ಟೈಲರ್: ಅದೇ ಥರದ್ದು ಇರಬಹುದು...

ಹೆಂಡತಿ: ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ಅವನು ಸುಲಿದಿದ್ದು ಅವನ ಅಕ್ಕನ್ನ, ನೀವು ಸುಲಿದಿದ್ದು ನನ್ನ ಅಕ್ಕನ್ನ! ಹಾಕ್ಕೊಂಡ್ರೆ ಉಸಿರು ಕಟ್ಟುತ್ತೆ ಅಂತ ಅವಳು ವಾಪಸ್ ತಂದಾಗ ಏನಂದ್ರಿ? ‘ರವಿಕೆ ಸರಿಯಾಗೇ ಇದೆ ಅತ್ತಿಗೆ, ನೀವೇ ಸ್ವಲ್ಪ ದಪ್ಪ ಆಗಿದ್ದೀರ.’ ಪಾಪ, ಅವಳು ರಾತ್ರಿ ಊಟಾನೇ ಬಿಟ್ಟಳು!

ಟೈಲರ್: ಅದರಿಂದ ಅವರ ಆರೋಗ್ಯಕ್ಕೇ ಒಳ್ಳೇದಾಯ್ತಲ್ಲ. ಈ ಜಗಳ ಆಮೇಲೆ ಆಡೋಣ. ಮೊದಲು ಹೇಳು, ಹಳದಿ ಚೌಕಳಿ ಬಟ್ಟೆ ಎಲ್ಲಿ? ಅದು ಹೆಡ್ ಮೇಡಂ ಕೋಟಿಂದು!

ಹೆಂಡತಿ: ಅದಾ? ಎಲ್ಲಕ್ಕಿಂತ ಚೆಂದ ಇತ್ತು. ಅದಕ್ಕೇ ಮೇಡಂ ಕೂರೋ ಕುರ್ಚಿಗೇ ದಿಂಬು ಮಾಡಿದ್ದೀನಿ.

ಬಾಗಿಲು ಬಡಿದ ಸದ್ದಾಯಿತು. ಟೈಲರ್ ಹಾರಿಹೋಗಿ ದಿಂಬಿನ ಮೇಲೆ ಕೂತುಬಿಟ್ಟ. ಒಳಗೆ ಬಂದ ಮೇಡಂ ತೊಟ್ಟಿದ್ದು ಅದೇ ಹಳದಿ ಚೌಕಳಿಯ ಕೋಟು. ತೋಳು ಮೊಣಕೈಗೇ ಮುಗಿದಿತ್ತು.

ಮೇಡಂ: ಏನು ಟೈಲರ್, ಏಳೋದೇ ಇಲ್ವಲ್ಲ?

ಹೆಂಡತಿ: ಸೊಂಟ ಹಿಡ್ಕೊಂಡಿದೆ ಮೇಡಂ. ಊರವರ ಬಟ್ಟೆ ಎಲ್ಲಾ ಬಗ್ಗಿ ಬಗ್ಗಿ ಉಳಿಸ್ತಾರಲ್ಲ.

ಮೇಡಂ: ಅಯ್ಯೋ ಪಾಪ. ಅಲ್ಲಮ್ಮಾ, ಮನೆ ಎಷ್ಟು ಚೆಂದ ಮಾಡಿದ್ದೀಯ! ಈ ಪರದೆ ನೋಡು. ಈ ಬಣ್ಣಗಳನ್ನೆಲ್ಲ ಎಲ್ಲೋ ನೋಡಿದ ಹಾಗಿದೆ.

ಟೈಲರ್: ಇಲ್ಲ ಮೇಡಂ! ನಿಮ್ಮದು ಅದರಲ್ಲಿ ಇಲ್ಲ!

ಮೇಡಂ: ನನ್ನದಿದೆ ಅಂತ ನಾನೆಲ್ಲಿ ಅಂದೆ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಾಬರಿಯಲ್ಲಿ ಟೈಲರ್ ಎದ್ದೇ ನಿಂತ. ಸೊಂಟ ನೆಟ್ಟಗಾಯಿತು, ದಿಂಬು ಬಯಲಾಯಿತು. ಮೇಡಂ ದಿಂಬನ್ನೆತ್ತಿ ಮೊಣಕೈಗೆ ಹಿಡಿದು ನೋಡಿದರು. ತೋಳಿನ ಗೆರೆ ದಿಂಬಿನ ಗೆರೆಗೆ ಸರಾಗವಾಗಿ ಕೂಡಿಕೊಂಡಿತು.

ಮೇಡಂ: ಚಳಿಗಾಲ ಪೂರ್ತಿ ಕೈ ನಡುಗಿಸ್ಕೊಂಡು ಪಾಠ ಮಾಡಿದ್ದೀನಿ ಟೈಲರ್. ‘ಬಟ್ಟೆ ಸಾಲಲಿಲ್ಲ ಮೇಡಂ’ ಅಂದ್ರಿ.

ಟೈಲರ್: ಗಿಡ್ಡ ತೋಳು ಫ್ಯಾಷನ್ನೂ ಹೌದಲ್ವಾ ಮೇಡಂ...

ಮೇಡಂ: ಇದನ್ನ ಹೊಲಿದವರು ಯಾರು?

ಯೂನಿಫಾರಂ ಕೆಲಸ ಕೈತಪ್ಪಿತೆಂದು ಟೈಲರಿಗೆ ಖಾತ್ರಿಯಾಯಿತು. ನಿಜಕ್ಕೂ ಹೆದರಿದ. ನಾಚಿಕೆಯೂ ಆಯಿತು, ಹೆದರಿಕೆಗಿಂತ ತುಸು ಕಡಿಮೆ.

ಟೈಲರ್: ಅವಳು ಮೇಡಂ! ಪರದೆ, ದಿಂಬು, ಕಾಲೊರೆಸು, ಪೂರ್ತಿ ಅವಳದ್ದೇ! ನಾನು ಸೂಜಿ ಕೂಡ ಮುಟ್ಟಿಲ್ಲ!

ಹೆಂಡತಿ ಗಂಡನನ್ನು ಕಣ್ಣಲ್ಲೇ ಸುಟ್ಟಳು.

ಹೆಂಡತಿ: ಹೌದು ಮೇಡಂ. ನಾನೇ.

ಮೇಡಂ: ಎಂಥ ಕೈಯಮ್ಮಾ ನಿಂದು! ಇವರು ಸಾಲಲಿಲ್ಲ ಅಂದ ಬಟ್ಟೇಲಿ ಒಂದು ಕೋಣೇನೇ ತುಂಬಿಸಿದ್ದೀಯ. ಯೂನಿಫಾರಂ ಕೆಲಸ ನಿನಗೇ ಕೊಡ್ತೀನಿ, ಕಟಿಂಗೂ ನೀನೇ ಮಾಡಬೇಕು. ಮಿಕ್ಕಿದ್ದರಲ್ಲಿ ನಮ್ಮ ಕ್ಲಾಸುಗಳಿಗೆ ಪರದೆ ಆಗುತ್ತಾ?

ಹೆಂಡತಿ: ಧಾರಾಳವಾಗಿ ಆಗುತ್ತೆ ಮೇಡಂ. ಪರದೆಗೆ ಹೊಲಿಗೆ ಕೂಲಿ ಬೇರೆ.

ಮೇಡಂ ನಕ್ಕು ಒಪ್ಪಿದರು. ಹೋಗುವಾಗ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡೇ ಹೋದರು. ಅದನ್ನು ಬಿಟ್ಟುಹೋಗಿ ಎನ್ನುವ ಧೈರ್ಯ ಅಲ್ಲಿದ್ದವರಿಗೆ ಇರಲಿಲ್ಲ. ಬಾಗಿಲು ಮುಚ್ಚಿದ್ದೇ ತಡ, ಟೈಲರಿಗೆ ಹೋದ ಜೀವ ಬಂತು.

ಟೈಲರ್: ನೋಡ್ದಾ! ನಾನು ಉಳಿಸಿದ್ದರಿಂದ ತಾನೆ ಈ ಕೆಲಸ ಸಿಕ್ಕಿದ್ದು?

ಹೆಂಡತಿ ಅವನ ಕೈಚೀಲದಿಂದ ದೊಡ್ಡ ಕತ್ತರಿಯನ್ನು ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಟೈಲರ್: ಅಲ್ವೇ, ಕಟಿಂಗೂ ನಿಂದು, ಹೊಲಿಗೇನೂ ನಿಂದು ಅಂದ್ರೆ ನನಗೇನು ಕೆಲಸ?

ಹೆಂಡತಿ: ಗುಂಡಿ ಹಾಕಿ. ಎಣಿಸಿ ಕೊಡ್ತೀನಿ.