ಡಬ್ಬಿ ಖಾಲಿ ಕಳಿಸಬಾರದು

ಮಕ್ಕಳಿಗೆ ಒಳ್ಳೆಯ ಗುಣ ಕಲಿಸುವುದು ಎಷ್ಟು ಕಷ್ಟ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವು ನಿಜವಾಗಿ ಕಲಿತುಬಿಟ್ಟರೆ ಹೆತ್ತವರಿಗಾಗುವ ಫಜೀತಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಅನುಭವಿಸಿದ್ದೇನೆ.

ಸ್ಟುಟ್‌ಗಾರ್ಟಿನಲ್ಲಿ ಕಾರಿನ ಬಿಡಿಭಾಗದ ಕಂಪನಿಯೊಂದರಲ್ಲಿ ನನ್ನ ನೌಕರಿ. ಮಗಳು ಚಿನ್ನಿ ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಕರೆದರೆ ಜರ್ಮನ್ನಿನಲ್ಲಿ ಓಗೊಡುತ್ತಾಳೆ. ಇಲ್ಲಿಯ ಮಕ್ಕಳು ಶಾಲೆಗೆ ತಮ್ಮ ತಮ್ಮ ಡಬ್ಬಿ ಒಯ್ದು, ತಮ್ಮ ತಮ್ಮದನ್ನೇ ತಿಂದು ಬರುತ್ತವೆ. ಬಾಗಲಕೋಟೆಯ ಓಣಿಯಲ್ಲಿ ಮಂದಿಯ ಮನೆಯ ಪಲ್ಯ ತಿಂದೇ ಅರ್ಧ ಬೆಳೆದ ನನಗೆ ಇದನ್ನು ನೋಡಿದರೆ ಕಸಿವಿಸಿ. ಈ ಹುಡುಗಿ ಕೊಡುವುದನ್ನೇ ಕಲಿಯದೆ ದೊಡ್ಡವಳಾಗಿಬಿಟ್ಟರೆ ಏನು ಗತಿ ಎಂಬ ಚಿಂತೆ ನನಗೆ ನಿಜಕ್ಕೂ ಇತ್ತು.

ಅವಕಾಶ ತಾನಾಗಿ ಬಂತು. ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸು ಫ್ರೌ ವೆಬರ್ ಡಬ್ಬಿ ತುಂಬ ಆಪಲ್ ಕೇಕ್ ಕೊಟ್ಟರು. ತಿಂದಾಯಿತು, ಡಬ್ಬಿ ತೊಳೆದಾಯಿತು. ಚಿನ್ನಿ ಅದನ್ನು ಹಿಡಿದು ಹೊರಟಳು. "ಏ, ನಿಂದರು! ಖಾಲಿ ಡಬ್ಬಿ ಕೊಡಬಾರದು" ಎಂದೆ. "ವಾರುಮ್?" ಎಂದಳು. ಯಾಕೆ ಎಂದು ಕೇಳುವುದು ಅವಳ ಹುಟ್ಟುಗುಣ.

ಕೂರಿಸಿಕೊಂಡು ಹೇಳತೊಡಗಿದೆ. ನಮ್ಮವ್ವನಿಗೂ ಎದುರುಮನೆಯ ಶಾಂತಕ್ಕನಿಗೂ ನಡುವೆ ಒಂದು ಹಿತ್ತಾಳೆ ಬಟ್ಟಲು ಓಡಾಡುತ್ತಿತ್ತು. ಇವರು ಮಾದಲಿ ಹಾಕಿ ಕಳಿಸಿದರೆ ಅವರು ಗುರೆಳ್ಳು ಚಟ್ನಿ ಹಾಕಿ ಕಳಿಸುವರು. ಏನೂ ಇಲ್ಲದ ದಿನ ಚಿಟಿಕೆ ಸಕ್ಕರೆಯಾದರೂ ಸೈ. ಖಾಲಿ ಕೊಟ್ಟವರೆನಿಸಿಕೊಳ್ಳಲು ಇಬ್ಬರೂ ತಯಾರಿಲ್ಲದ್ದರಿಂದ ಬಟ್ಟಲಿಗೆ ಬಿಡುವೇ ಇರಲಿಲ್ಲ. ಅದು ಮೂಲತಃ ಯಾರ ಮನೆಯದೆಂಬುದೇ ಮರೆತುಹೋಗಿತ್ತು. ಜಗಳವಾಡಿ ಇಬ್ಬರೂ ಮಾತು ಬಿಟ್ಟ ದಿನಗಳಲ್ಲೂ ಬಟ್ಟಲು ಮಾತ್ರ ನನ್ನ ಕೈಯಲ್ಲಿ ಓಣಿ ದಾಟುತ್ತಿತ್ತು. ಅದರ ಬಿಸಿ ಅಂಗೈಗೆ ತಾಕುತ್ತಿದ್ದದ್ದು ಇವತ್ತಿಗೂ ನೆನಪಿದೆ.

"ಏನ್ ಹಾಕಬೇಕಪ್ಪಾ?" ಎಂದಳು ಚಿನ್ನಿ, ಅಪರೂಪಕ್ಕೆ ಕನ್ನಡದಲ್ಲಿ. ನಾನು ಉಬ್ಬಿಹೋದೆ. "ಮನ್ಯಾಗ ಎಲ್ಲಾಕ್ಕಿಂತ ಛಲೋದು ಏನೈತಿ, ಅದನ್ನ ಹಾಕಬೇಕವ್ವಾ" ಎಂದು ಅಪ್ಪಣೆ ಕೊಡಿಸಿ ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಡಬ್ಬಿ ಕೆಳಗೆ ಮುಟ್ಟಿತ್ತು. "ಭಾಳ ಶಾಣ್ಯಾಕಿ! ಏನ್ ಹಾಕಿ ಕೊಟ್ಟಿ?"

"ಶೇಂಗಾ ಹೋಳಿಗಿ."

ಕಳೆದ ಸಲ ಊರಿಗೆ ಹೋದಾಗ ಅವ್ವ ಮಾಡಿಕೊಟ್ಟ ಹೋಳಿಗೆ ಅವು. "ಕೈ ನೋಯತಾವೋ ತಮ್ಮಾ, ಇನ್ನ ಮ್ಯಾಲ ನನ್ನಿಂದ ಲಟ್ಟಸಾಕ ಆಗೂದಿಲ್ಲ" ಎಂದು ಹೇಳಿಯೇ ಕಟ್ಟಿಕೊಟ್ಟಿದ್ದಳು. ಉಳಿದ ನಾಲ್ಕನ್ನು ಜೋಳದ ಹಿಟ್ಟಿನ ಡಬ್ಬದ ಹಿಂದೆ ಇಟ್ಟು, ಯಾರೂ ಇಲ್ಲದಾಗ ಚೂರು ಚೂರೇ ಮುರಿದು ತಿನ್ನುತ್ತಿದ್ದೆ. ಓಡಿಹೋಗಿ ನೋಡಿದೆ. ಹಿಟ್ಟಿನ ಡಬ್ಬವೊಂದೇ ಇತ್ತು.

"ಅಯ್ಯ, ನನಗೂ ಹೇಳದ ಬಚ್ಚಿಟ್ಟಿದ್ರಿ?" ಎಂದು ಹೆಂಡತಿ ಸುಧಾ ಸೊಂಟದ ಮೇಲೆ ಕೈಯಿಟ್ಟಳು. "ಇರುವಿ ಹತ್ತಬಾರದಂತ..." ಎಂದೆ. ಈ ಮೂರನೆಯ ಮಹಡಿಯಲ್ಲಿ ನಾವ್ಯಾರೂ ಈವರೆಗೆ ಇರುವೆ ಕಂಡಿಲ್ಲ.

ಚಿನ್ನಿಯ ಕಡೆ ತಿರುಗಿದೆ. "ಚಾಕಲೇಟ್ ಇತ್ತು, ಬಿಸ್ಕೀಟ್ ಇದ್ವು. ಹೋಳಿಗೀನ ಛಲೋದಂತ ನಿನಗ ಹೆಂಗ ಗೊತ್ತಾತು?"

"ನೀ ಬಚ್ಚಿಟ್ಟಿದ್ದಿಯಲ್ಲಪ್ಪಾ!"

ಅವ್ವನಿಗೆ ಫೋನು ಮಾಡಿ ಮೊಮ್ಮಗಳ ಮೇಲೆ ದೂರು ಹೇಳಿದೆ. ಅವ್ವ ನಕ್ಕಿದ್ದೇ ನಕ್ಕಿದ್ದು. "ಛಲೋ ಆತು ಬಿಡೋ. ನಿನಗ ಕಲಸಾಕ ಹೋಗಿ ಸೋತಿದ್ನಿ, ಅಕಿ ಕಲತಾಳ" ಎಂದಳು. ಆಮೇಲೆ ಮೆಲ್ಲಗೆ, "ಆ ಹೆಣ್ಣಮಗಳಿಗೆ ಸೇರಿದ್ವೇನು?" ಎಂದು ಕೇಳಿದಳು. ಸೇರಿದ್ದವು. ಖಾಲಿ ಕೊಡಬಾರದೆಂಬ ಕಾಯಿದೆಯನ್ನು ಚಿನ್ನಿ ಅವರಿಗೂ ಹೇಳಿ ಬಂದಿದ್ದರಿಂದ, ಅದೇ ಡಬ್ಬಿಯಲ್ಲಿ ಜಾಮ್ ಮೇಲೆ ಬಂತು. ಈಗ ಡಬ್ಬಿ ಮೆಟ್ಟಿಲು ಹತ್ತುತ್ತದೆ, ಇಳಿಯುತ್ತದೆ. ಚಿನ್ನಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯುವುದನ್ನು ನೋಡಿದಾಗ, ಹೋಳಿಗೆಯ ಸಂಕಟ ಒಂದಿಷ್ಟು ಇದ್ದರೂ, ನನಗೆ ಬಹಳ ಸಂತೋಷವಾಗುತ್ತದೆ.

ಮೊನ್ನೆ ಊರಿನಿಂದ ಬಂದ ಗೆಳೆಯನೊಬ್ಬ ಕರದಂಟು ತಂದುಕೊಟ್ಟ. ಈ ಸಲ ನಾನು ಬಚ್ಚಿಡಲಿಲ್ಲ. ಊಟದ ಮೇಜಿನ ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿದ್ದೇನೆ. ಗಂಡ ಸುಧಾರಿಸಿದನೆಂದು ಸುಧಾ ಖುಷಿಯಲ್ಲಿದ್ದಾಳೆ. ಇರಲಿ. ಬಚ್ಚಿಟ್ಟರೆ ತಾನೇ ಅದು ಛಲೋದೆಂದು ಚಿನ್ನಿಗೆ ಗೊತ್ತಾಗುವುದು!