ಅಡ್ಡಮಾತಿನ ಗೋಲಿಗಳು

ತಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ ಎಂಬುದು ವಿನ್ಯಾಸಕರ ಬಹುಕಾಲದ ಕೊರಗು. ಈ ಕೊರಗನ್ನು ಅವರು ಮನೆಯವರ ಮುಂದೆ ಎಷ್ಟೋ ಸಲ ತೋಡಿಕೊಂಡಿದ್ದರು. (ಪ್ರತಿಸಲವೂ ಬೇರೆ ಯಾರೋ ಮಾತಾಡುತ್ತಿದ್ದಾಗ ನಡುವೆ ಬಾಯಿ ಹಾಕಿಯೇ ತೋಡಿಕೊಂಡಿದ್ದರು ಎಂಬುದು ಬೇರೆ ವಿಷಯ.)

ಮನುಷ್ಯ ತನ್ನನ್ನು ತಾನು ನೋಡಿಕೊಂಡು ಅಭ್ಯಾಸ ತಿದ್ದಿಕೊಳ್ಳುವಂತೆ ಮಾಡುವ ಉಪಕರಣಗಳನ್ನು ರೂಪಿಸುವ ಪ್ರಯೋಗಶಾಲೆಯೊಂದರಲ್ಲಿ ಅವರಿಗೆ ಕೆಲಸ. ಕೂತವರ ಬೆನ್ನು ಬಾಗಿದರೆ ನಿಟ್ಟುಸಿರು ಬಿಡುವ ಕುರ್ಚಿ ಅವರದೇ ಸೃಷ್ಟಿ; ಎರಡು ದಿನ ಅದರ ನಿಟ್ಟುಸಿರು ಕೇಳಿದ ಸಹೋದ್ಯೋಗಿಗಳು ಮೂರನೆಯ ದಿನದಿಂದ ನಿಂತೇ ಕೆಲಸ ಮಾಡತೊಡಗಿದ್ದರು. ಉಗುರು ಕಚ್ಚಿದರೆ ನಡುಗುವ ಉಂಗುರವೂ ಬಂದಿತ್ತು. ಹಾಕಿಕೊಂಡವರು ಉಗುರು ಬಿಟ್ಟು ಉಂಗುರವನ್ನೇ ಕಚ್ಚಿದರು. ಹೀಗಾಗಿ ಈ ಬಾರಿ ಮುಖ್ಯಸ್ಥೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಒಂದು ಮನೆ, ಮೂರು ವಾರ. ಆ ಮನೇಲಿ ಒಬ್ಬರದಾದ್ರೂ ಒಂದು ಅಭ್ಯಾಸ ಬದಲಾಗಿರಬೇಕು. ಇಲ್ಲಾಂದ್ರೆ ಈ ಯೋಜನೆ ಮುಚ್ಚಿ, ನೀವು ಸದ್ದಿನ ವಿಭಾಗಕ್ಕೆ ಹೋಗಿ."

ಸದ್ದಿನ ವಿಭಾಗವೆಂದರೆ, ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿದಾಗ ಹೊರಡಿಸುವ 'ಕೀಂ ಕೀಂ'ಗೆ ಸ್ವರ ಕೂಡಿಸುವ ಜಾಗ. ಅಲ್ಲಿಗೆ ಹೋದವರಲ್ಲಿ ಯಾರೂ ಇದುವರೆಗೆ ಮರಳಿ ಬಂದಿರಲಿಲ್ಲ. ಕೂಗಿ ಕರೆದರೆ ಅವರಿಗೆ ಕೇಳಿಸುತ್ತಲೂ ಇರಲಿಲ್ಲ.

ಹೀಗೆ ಹುಟ್ಟಿದ್ದು 'ಆತ್ಮಾವಲೋಕನ ಪೆಟ್ಟಿಗೆ.' ಊಟದ ಮೇಜಿನ ನಡುವೆ ಮರದ ಪೆಟ್ಟಿಗೆ. ಅದರೊಳಗೆ ನಾಲ್ಕು ಗಾಜಿನ ಲೋಟ. ವಿನ್ಯಾಸಕರಿಗೊಂದು, ಹೆಂಡತಿಗೊಂದು, ತಾಯಿಗೊಂದು, ಹತ್ತು ವರ್ಷದ ಮಗಳು ಚಿನಕುರುಳಿಗೊಂದು. ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರು ಅಡ್ಡಬಾಯಿ ಹಾಕಿದರೆ ಯಂತ್ರ ಆ ದನಿಯನ್ನು ಗುರುತಿಸಿ, ಅಪರಾಧಿಯ ಲೋಟಕ್ಕೆ ಒಂದು ನೀಲಿ ಗೋಲಿಯನ್ನು ಉದುರಿಸುತ್ತಿತ್ತು.

"ಬಿದ್ದಾಗ ಸದ್ದೇ ಬರಲ್ವಲ್ಲಪ್ಪಾ?" ಎಂದಳು ಚಿನಕುರುಳಿ.

"ತಳಕ್ಕೆ ಮೆತ್ತನೆ ಬಟ್ಟೆ ಹಾಸಿದೀನಿ. ಆಗಿಂದಾಗ್ಗೆ ಸದ್ದಾದ್ರೆ ಅವಮಾನ ಆಗುತ್ತೆ. ಮುಚ್ಚಳ ಹಾಕಿಟ್ಟು ಬೆಳಿಗ್ಗೆ ಏಳು ಗಂಟೆಗೆ ತೆಗೆದು ನೋಡಿದ್ರೆ ಪ್ರಶಾಂತವಾದ ಆತ್ಮವಿಮರ್ಶೆ ಆಗುತ್ತೆ. ಇಪ್ಪತ್ತೊಂದು ದಿನ ಬಿಡದೆ ಮಾಡಿದ್ದು ಅಭ್ಯಾಸವಾಗಿ ಕೂತುಬಿಡುತ್ತೆ, ಆಮೇಲೆ ಬಿಡ್ತೀನಿ ಅಂದ್ರೂ ಬಿಡಲ್ಲ."

"ಎಲ್ಲರ ಗೋಲೀನೂ ಒಂದೇ ಬಣ್ಣ ಇದ್ರೆ ಕಲೆತು ಹೋಗಲ್ವೇನ್ರೀ? ಒಂದು ವೇಳೆ ಯಾರಾದ್ರೂ—" ಎಂದು ಹೆಂಡತಿ ಬಾಯಿ ತೆರೆದರು.

"ತಪ್ಪಿಗೆ ಬಣ್ಣ ಇಲ್ಲ!" ಎಂದರು ವಿನ್ಯಾಸಕರು, ಗಂಭೀರವಾಗಿ. ಪೆಟ್ಟಿಗೆಯೊಳಗೆ ಮೊದಲ ಗೋಲಿ ನಿಶ್ಶಬ್ದವಾಗಿ ಉರುಳಿತು.

ಹೆಂಡತಿ ಫಿಸಿಯೋಥೆರಪಿಸ್ಟ್. ಊರವರ ಸೊಟ್ಟ ಮಂಡಿಗಳನ್ನು ದಿನವಿಡೀ ನೆಟ್ಟಗೆ ಮಾಡಿ ಮನೆಗೆ ಬರುವವರು. ಗಂಡನ ವಿಷಯದಲ್ಲಿ ಮಾತ್ರ ಆ ಪ್ರಯತ್ನವನ್ನು ಮದುವೆಯಾದ ಎರಡನೆಯ ವರ್ಷವೇ ಕೈಬಿಟ್ಟಿದ್ದರು.

ಇನ್ನೊಂದು ನಿಯಮವಿತ್ತು. ಯಂತ್ರ ತನ್ನ ನೆನಪಿನಲ್ಲಿಟ್ಟುಕೊಂಡ ಲೆಕ್ಕ ನೇರ ಕಚೇರಿಗೆ ಹೋಗುತ್ತಿತ್ತು. ಪ್ರಯೋಗ ಮುಗಿಯುವವರೆಗೆ ವಿನ್ಯಾಸಕರು ಅದನ್ನು ನೋಡುವಂತಿರಲಿಲ್ಲ. ಅವರು ದಿನಾ ಬೆಳಿಗ್ಗೆ ಗೋಲಿ ಎಣಿಸಿ, ಬರೆದುಕೊಂಡು, ಲೋಟಗಳನ್ನು ಖಾಲಿ ಮಾಡಿಡಬೇಕಿತ್ತು.

ಮೊದಲ ಬೆಳಿಗ್ಗೆ ಮುಚ್ಚಳ ತೆಗೆದವರೇ ವಿನ್ಯಾಸಕರು ಬೆರಗಾದರು. ತಮ್ಮ ಲೋಟದಲ್ಲಿ ಎರಡೇ ಎರಡು ಗೋಲಿ. ತಾಯಿಯ ಲೋಟದಲ್ಲಿ ಹದಿನೆಂಟು! ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ತಾಯಿಯದು ಇಪ್ಪತ್ತೊಂದು. ಹೊರಗಿನವರ ಕಣ್ಣಿಗೆ ಬಾಯಿಲ್ಲದವರಂತೆ ಕಾಣುವ ಎಪ್ಪತ್ತೆರಡರ ಈ ವೃದ್ಧೆಯಲ್ಲಿ ಇಂಥ ಪ್ರಚಂಡ ಅಡ್ಡಮಾತುಗಾರ್ತಿ ಅಡಗಿರುವುದನ್ನು ಯಂತ್ರವಲ್ಲದೆ ಬೇರಾರು ಕಂಡುಹಿಡಿಯಬಲ್ಲರು?

ಅಂದಿನಿಂದ ಪ್ರತಿ ಬೆಳಿಗ್ಗೆ ತಾಯಿಗೆ ಕಾಲು ಗಂಟೆಯ ಉಪದೇಶ ಶುರುವಾಯಿತು.

"ಅಮ್ಮಾ, ಬೇಜಾರು ಮಾಡ್ಕೋಬೇಡ. ಎದುರಿನವರ ಮಾತು ಮುಗಿಯೋ ತನಕ ಮನಸ್ಸಲ್ಲೇ ಐದು ಎಣಿಸು. ಆಮೇಲೆ ಬಾಯಿ ತೆಗಿ."

"ಹೂಂ ಕಣೋ."

"ಕೇಳಿಸಿಕೊಳ್ಳೋದು ಒಂದು ಕಲೆ."

"ಹೂಂ ಕಣೋ."

"ರೀ," ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು, "ಅತ್ತೆ ಇಡೀ ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು. ಅವರ ಲೋಟದಲ್ಲಿ ಇಷ್ಟೊಂದು ಗೋಲಿ ಬರಬೇಕಾದ್ರೆ—"

"ನೋಡು, ಈಗ ನೀನು ಮಾಡಿದ್ದೂ ಅದೇ. ನಾನು ಅಮ್ಮನ ಹತ್ರ ಮಾತಾಡ್ತಿರಲಿಲ್ವಾ?"

ಹೆಂಡತಿ ಸೌಟನ್ನೂ ವಾಕ್ಯವನ್ನೂ ಒಟ್ಟಿಗೆ ಕೆಳಗಿಳಿಸಿ ಒಳಗೆ ಹೋದರು.

ಏಳು ಗಂಟೆಗೆ ಮುಂಚೆ ಏಳದ ತಾಯಿ ಈಚೆಗೆ ಐದೂವರೆಗೇ ಎದ್ದು ಓಡಾಡುತ್ತಿರುವುದೂ ವಿನ್ಯಾಸಕರ ಕಿವಿಗೆ ಬಿತ್ತು. 'ಪಶ್ಚಾತ್ತಾಪ,' ಎಂದು ಬರೆದುಕೊಂಡರು. 'ನಿದ್ರೆಯ ಮೇಲೆ ಪರಿಣಾಮ ಕಾಣತೊಡಗಿದೆ.' ಆದರೆ ಗೋಲಿ ಇಳಿಯಲಿಲ್ಲ. ಮೂರನೆಯ ವಾರವೂ ಹದಿನೇಳು, ಇಪ್ಪತ್ತು, ಹತ್ತೊಂಬತ್ತು. ವಿನ್ಯಾಸಕರ ಎದೆಯಲ್ಲಿ 'ಕೀಂ ಕೀಂ' ಆರಂಭವಾಯಿತು. ವರದಿಗೆ 'ಹಿರಿಯರಲ್ಲಿ ಅಡ್ಡಮಾತಿನ ಪ್ರವೃತ್ತಿ: ತಿದ್ದಲಾಗದ ಒಂದು ನಿದರ್ಶನ' ಎಂಬ ತಲೆಬರಹ ಕೊಟ್ಟು ಕಳಿಸಿದರು. ಸೋಲು ಉಪಕರಣದ್ದಲ್ಲ, ತಾಯಿಯದು ಎಂದು ತೋರಿಸುವುದೊಂದೇ ಈಗ ಉಳಿದಿದ್ದ ದಾರಿ.

ಇಪ್ಪತ್ತೊಂದನೆಯ ದಿನ ಸಂಜೆ ಮುಖ್ಯಸ್ಥೆ ಸ್ವತಃ ಮನೆಗೆ ಬಂದರು. ಕೈಯಲ್ಲಿ ಎರಡು ಹಾಳೆ. ಎಲ್ಲರೂ ಪೆಟ್ಟಿಗೆಯ ಸುತ್ತ ಕೂತರು.

"ನಿಮ್ಮ ವರದಿ ಪ್ರಕಾರ ತಾಯಿಯವರದು ಒಟ್ಟು ಮುನ್ನೂರ ತೊಂಬತ್ತಮೂರು. ನಿಮ್ಮದು ನಲವತ್ತೆರಡು."

"ಹೌದು ಮೇಡಂ. ವಯಸ್ಸಾದ ಮೇಲೆ ತಿದ್ಕೊಳ್ಳೋದು—"

"ಯಂತ್ರದ ಪ್ರಕಾರ ತಾಯಿಯವರದು ನಾಲ್ಕು."

"ನಾನೂರಾ?"

"ನಾಲ್ಕು. ನಿಮ್ಮದು ನಾನೂರ ಮೂವತ್ತೊಂದು."

ಕೋಣೆಯಲ್ಲಿ ಗೋಡೆ ಗಡಿಯಾರ ಮಾತ್ರ ಮಾತಾಡುತ್ತಿತ್ತು. ಅದಕ್ಕೆ ಯಾರೂ ಅಡ್ಡ ಬರಲಿಲ್ಲ.

"ಆ ನಾಲ್ಕು ಯಾವುದು ಅಂತ ನಂಗೊತ್ತು!" ಚಿನಕುರುಳಿ ಕುರ್ಚಿಯಿಂದ ಜಿಗಿದಳು. "ನಾಲ್ಕು ಸಲಾನೂ ಅಪ್ಪ ಭಾಷಣ ಮಾಡ್ತಿದ್ರು, ಅಜ್ಜಿ 'ಊಟ ಆರ್ತಿದೆ, ಮೊದ್ಲು ಉಣ್ಣೋ' ಅಂದ್ರು."

"ಯಂತ್ರ ಕೆಟ್ಟಿದೆ ಮೇಡಂ," ಎಂದರು ವಿನ್ಯಾಸಕರು, ಹಣೆ ಒರೆಸಿಕೊಳ್ಳುತ್ತ. ತಾನು ಹೆತ್ತ ಪೆಟ್ಟಿಗೆಯ ಮೇಲೆ ತಾನೇ ಆರೋಪ ಹೊರಿಸುವ ಗತಿ ಯಾವ ವಿನ್ಯಾಸಕನಿಗೂ ಬರಬಾರದು.

"ಯಂತ್ರ ಸರಿಯಾಗೇ ಇದೆ ಕಣಮ್ಮಾ," ತಾಯಿ ಮುಖ್ಯಸ್ಥೆಯ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ತಪ್ಪು ನಂದು. ಮೊದಲನೇ ದಿನ ಬೇಗ ಎಚ್ಚರ ಆಯ್ತು. ಮುಚ್ಚಳ ತೆಗೆದು ನೋಡಿದ್ರೆ ಇವನ ಲೋಟ ತುಂಬಿ ತುಳುಕ್ತಾ ಇದೆ, ನಂದು ಖಾಲಿ. ಇದನ್ನ ನೀವು ನೋಡಿದ್ರೆ ಇವನನ್ನ ಆ ಕೀಂ ಕೀಂ ಹತ್ರ ಕಳಿಸಿಬಿಡ್ತೀರಲ್ಲ ಅಂತ ನನ್ನ ಲೋಟಕ್ಕೆ ಸುರ್ಕೊಂಡೆ. ನನಗೇನು, ನನ್ನನ್ನ ಯಾವ ಕೆಲಸದಿಂದ ತೆಗೀತಾರೆ?"

"ದಿನಾ ಎರಡು ಗೋಲಿ ಮಾತ್ರ ಯಾಕೆ ಬಿಡ್ತಿದ್ರಿ?" ಎಂದು ಕೇಳಿದರು ಮುಖ್ಯಸ್ಥೆ.

"ಪೂರ್ತಿ ಖಾಲಿ ಮಾಡಿದ್ರೆ ಅವನೇ ನಂಬ್ತಿರಲಿಲ್ಲ."

"ನಂಬ್ತಿದ್ರು ಅತ್ತೆ," ಎಂದರು ಹೆಂಡತಿ.

ವಿನ್ಯಾಸಕರು ಹೆಂಡತಿಯತ್ತ ತಿರುಗಿದರು. "ನಿನಗೆ ಇದು ಗೊತ್ತಿತ್ತಾ?"

"ಎರಡನೇ ವಾರದಲ್ಲೇ ಕಣ್ಣಾರೆ ನೋಡಿದೆ. ಹನ್ನೊಂದು ಸಲ ಹೇಳೋಕೆ ಬಂದೆ. ಆ ಹನ್ನೊಂದೂ ನಿಮ್ಮ ಲೋಟಕ್ಕೇ ಬಿದ್ದಿವೆ, ಬೇಕಾದ್ರೆ ಆ ಹಾಳೇಲಿ ನೋಡ್ಕೊಳ್ಳಿ."

ಅಷ್ಟೂ ಬೆಳಗಿನ ಉಪದೇಶಗಳು ಒಂದೊಂದಾಗಿ ವಿನ್ಯಾಸಕರ ನೆನಪಿಗೆ ಬಂದವು. 'ಕೇಳಿಸಿಕೊಳ್ಳೋದು ಒಂದು ಕಲೆ' ಎಂದಾಗ ತಾಯಿ 'ಹೂಂ ಕಣೋ' ಎಂದಿದ್ದರು. ಈಗ ವಿನ್ಯಾಸಕರು ತಲೆ ತಗ್ಗಿಸಿ ಕೂತು ಮುಖ್ಯಸ್ಥೆಯ ತೀರ್ಪಿಗೆ ಕಾದರು. ದೂರದಲ್ಲೆಲ್ಲೋ ಒಂದು ಬಟ್ಟೆ ಒಗೆಯುವ ಯಂತ್ರ ತಮ್ಮ ಹೆಸರು ಹಿಡಿದು ಕರೆದಂತಾಯಿತು.

ಮುಖ್ಯಸ್ಥೆ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದರು. "ಒಬ್ಬರದಾದ್ರೂ ಒಂದು ಅಭ್ಯಾಸ ಅಂದಿದ್ದೆ. ಅದು ಇಂಥವರದೇ ಅಂತಾಗಲಿ, ಒಳ್ಳೇದೇ ಆಗಬೇಕು ಅಂತಾಗಲಿ ಹೇಳಿರಲಿಲ್ಲ. ನಿಮ್ಮ ವರದೀಲೇ ಇದೆ, ಏಳಕ್ಕೆ ಏಳ್ತಿದ್ದ ನಿಮ್ಮ ತಾಯಿ ಇಪ್ಪತ್ತೊಂದು ದಿನ ತಪ್ಪದೆ ಐದೂವರೆಗೆ ಎದ್ದಿದ್ದಾರೆ. ಎದ್ದು ಮಾಡಿದ್ದು ಕಳ್ಳಲೆಕ್ಕ, ಅದಿರಲಿ. ಯೋಜನೆ ಮುಂದುವರಿಯಲಿ."

ವಿನ್ಯಾಸಕರು ಬಿಟ್ಟ ನಿಟ್ಟುಸಿರು ಅವರ ಹಳೆಯ ಕುರ್ಚಿಯೂ ನಾಚುವಷ್ಟು ದೀರ್ಘವಾಗಿತ್ತು.

"ಆದ್ರೆ ಮುಚ್ಚಳ ಬೇಡ," ಮುಖ್ಯಸ್ಥೆ ಮುಂದುವರಿಸಿದರು. "ಒಳಗಿನ ಬಟ್ಟೇನೂ ತೆಗೀರಿ. ಬಿದ್ದದ್ದು ಬಿದ್ದ ತಕ್ಷಣ ಕೇಳಿಸಲಿ. ಇನ್ನು ಮೂರು ವಾರ ನೀವು ವಿನ್ಯಾಸಕರಲ್ಲ, ಪ್ರಯೋಗಕ್ಕೆ ಒಳಗಾದವರು. ಎಣಿಸೋ ಕೆಲಸ ಮಗಳದು."

ಸದ್ದಿನ ವಿಭಾಗಕ್ಕೆ ಹೋಗುವುದು ತಪ್ಪಿತು. ಸದ್ದೇ ಮನೆಗೆ ಬಂದು ಮೇಜಿನ ಮೇಲೆ ಕೂತಿತು.

ಮರುದಿನ ಬೆಳಿಗ್ಗೆ ವಿನ್ಯಾಸಕರಿಗೂ ಬೇಗ ಎಚ್ಚರವಾಯಿತು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು. ತಾಯಿಯ ಬಳಿ ತಪ್ಪೊಪ್ಪಿಕೊಳ್ಳಬೇಕೆಂದು ಎದ್ದು ಬಂದರೆ, ಊಟದ ಮನೆಯ ದೀಪ ಆಗಲೇ ಉರಿಯುತ್ತಿತ್ತು. ಐದೂವರೆ. ಶಾಲು ಹೊದ್ದ ತಾಯಿ ಪೆಟ್ಟಿಗೆಯ ಮುಂದೆ ನಿಂತಿದ್ದರು; ಬಲಗೈ ಮಗನ ಲೋಟದೊಳಗಿತ್ತು.

"ಅಮ್ಮಾ! ಇನ್ನೂ ಯಾಕೆ?"

ತಾಯಿ ಬೆಚ್ಚಿ ಕೈ ತೆಗೆದರು. "ಏನ್ಮಾಡ್ಲೋ, ಇಪ್ಪತ್ತೊಂದು ದಿನ ಮಾಡಿದ್ದು ಬಿಡ್ತೀನಿ ಅಂದ್ರೂ ಬಿಡಲ್ಲ ಅಂತ ನೀನೇ ಹೇಳಿದ್ಯಲ್ಲ. ಗಂಟೆ ಐದೂವರೆ ಆಗ್ತಿದ್ದ ಹಾಗೆ ಕಾಲು ತಾನಾಗೇ ಇಲ್ಲಿಗೆ—"

"ಅದಲ್ಲಮ್ಮ, ನಾನು ಹೇಳಿದ್ದು ಏನಂದ್ರೆ—"

ಟಣ್!

ಇಬ್ಬರೂ ಲೋಟದ ಕಡೆ ನೋಡಿದರು. ತಾಯಿ ಆ ಗೋಲಿಯನ್ನು ಎರಡು ಬೆರಳಲ್ಲಿ ಎತ್ತಿ ತಮ್ಮ ಲೋಟಕ್ಕೆ ಹಾಕಿಕೊಂಡರು. ಟಣ್!

ವಿನ್ಯಾಸಕರು ಬಾಯಿ ತೆರೆದರು, ಮುಚ್ಚಿದರು. ಕುರ್ಚಿ ಎಳೆದುಕೊಂಡು ಕೂತು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡರು. ಮನಸ್ಸಿನಲ್ಲೇ ಐದು ಎಣಿಸಿದರು.

"ಹೇಳಮ್ಮ. ನಿಧಾನವಾಗಿ ಪೂರ್ತಿ ಹೇಳು. ಕೇಳ್ತಾ ಇದೀನಿ."

ತಾಯಿ ಮಗನ ಮುಖ ನೋಡಿದರು, ಪೆಟ್ಟಿಗೆ ನೋಡಿದರು, ಮತ್ತೆ ಮಗನ ಮುಖ ನೋಡಿದರು. ಕಿಟಕಿಯ ಹೊರಗೆ ಬೀದಿದೀಪ ಆರಿತು.

"ಮುಂದಕ್ಕೆ ಏನೂ ಯೋಚಿಸಿಟ್ಕೊಂಡಿಲ್ಲ ಕಣೋ," ಎಂದರು ಕೊನೆಗೆ, ಸಂಕೋಚದಿಂದ. "ಇಷ್ಟರೊಳಗೆ ನೀನು ಬಾಯಿ ಹಾಕಿರ್ತೀಯ ಅಂದ್ಕೊಂಡಿದ್ದೆ."